ಕೋಣೆ ಕೇಳಿಸಬೇಕು

ಹೊಸ ಸ್ಪೀಕರು ತಂದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಏನಾದ್ರೂ ಹಾಕಿ, ಕೇಳೋಣ." ಆ 'ಏನಾದ್ರೂ' ಯಾವುದಿರಬೇಕು ಎಂದು ಹುಡುಕುವುದರಲ್ಲೇ ನನ್ನ ನಾಲ್ಕು ವರ್ಷದ ಭಾನುವಾರಗಳು ಹೋಗಿವೆ. ಅದಕ್ಕೆ ನನಗೆ ಬೇಸರವಿಲ್ಲ.

ಅಂಗಡಿಯ ಹುಡುಗ ನನಗೆ ಮೊದಲು ಕೇಳಿಸಿದ್ದು ಈಗಲ್ಸ್ ತಂಡದವರು 1994ರಲ್ಲಿ ಮತ್ತೆ ಒಟ್ಟುಗೂಡಿ ನುಡಿಸಿದ 'ಹೋಟೆಲ್ ಕ್ಯಾಲಿಫೋರ್ನಿಯಾ'. ಸ್ಟೀರಿಯೋ ಮಾರುವ ಅಂಗಡಿಗಳಲ್ಲಿ ಆ ಹಾಡಿಗೆ ಗಣಪತಿಯ ಸ್ಥಾನ. ಮೊದಲ ಪೂಜೆ ಅದಕ್ಕೇ. ಗಿಟಾರಿನ ತಂತಿ ಮಿಂಚುತ್ತದೆ, ಹಿಂದೆಯೇ ಚರ್ಮವಾದ್ಯದ ಏಟು ಬಂದು ಎದೆಗೆ ತಾಗುತ್ತದೆ. ನನಗೂ ಇಷ್ಟವಾಯಿತು, ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಮೊದಲ ಸಂಜೆಯೇ ನನ್ನ ಮೆಚ್ಚಿನ ಕರ್ನಾಟಕ ಸಂಗೀತದ ಸಿ.ಡಿ.ಯೊಂದನ್ನು ಹಾಕಿದೆ. ಪಕ್ಕದ ಬೀದಿಯ ಮೃದಂಗದ ಮೇಷ್ಟ್ರೂ ಬಂದು ಕೂತಿದ್ದರು. ಗಾಯಕಿಯ ದನಿ ನಮ್ಮ ಕಿವಿಗೇ ಬಾಯಿಟ್ಟ ಹಾಗೆ. ಪಿಟೀಲು ಎಲ್ಲೋ ಓಣಿಯ ಆಚೆ. ಮೃದಂಗದ ಎಡಭಾಗ ಎಡಗೋಡೆಯ ಹತ್ತಿರ ಗುಂ ಎಂದರೆ, ಬಲಭಾಗ ಬಲಗೋಡೆಯ ಹತ್ತಿರ ಟಣ್ ಎನ್ನುತ್ತಿತ್ತು. ಮೇಷ್ಟ್ರು ಒಂದು ಪಲ್ಲವಿ ಮುಗಿಯುವ ತನಕ ಸುಮ್ಮನಿದ್ದು, "ಹತ್ತಡಿ ಉದ್ದದ ಮೃದಂಗ ಸ್ವಾಮಿ ಇದು, ನುಡಿಸೋಕೆ ಇಬ್ಬರು ಬೇಕು" ಎಂದರು.

ಹಾಡಿದವರು ದೊಡ್ಡವರು. ನುಡಿಸಿದವರೂ ದೊಡ್ಡವರೇ. ಕೆಟ್ಟಿದ್ದು ಹಿಡಿದಿಟ್ಟ ರೀತಿ. ಅಗ್ಗದ ಪೆಟ್ಟಿಗೆಯಲ್ಲಿ ಕೇಳುವಾಗ ಈ ದೋಷ ಮುಚ್ಚಿಹೋಗಿತ್ತು. ಒಳ್ಳೆಯ ಸ್ಪೀಕರು ಅದನ್ನು ಬಿಚ್ಚಿಟ್ಟಿತು. ನನ್ನ ಹುಡುಕಾಟ ಶುರುವಾದದ್ದು ಅಂದಿನಿಂದ.

ಮೇಷ್ಟ್ರನ್ನು ಒಪ್ಪಿಸಿದ ಮೊದಲ ಆಲ್ಬಂ 'ಎ ಮೀಟಿಂಗ್ ಬೈ ದಿ ರಿವರ್'. ಮೋಹನವೀಣೆಯ ವಿಶ್ವಮೋಹನ ಭಟ್ಟರೂ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರೂ 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಕೂತು ನುಡಿಸಿದ್ದು. ಅದಕ್ಕೆ ಮುಂಚೆ ಇಬ್ಬರಿಗೂ ಹೆಚ್ಚು ಪರಿಚಯವಿರಲಿಲ್ಲ. ಭೇಟಿಯಾಗಿ ಒಂದು ಗಂಟೆಯೂ ಆಗಿರಲಿಲ್ಲವಂತೆ. ತಬಲಾಕ್ಕೆ ಸುಖವಿಂದರ್ ಸಿಂಗ್ ನಾಮಧಾರಿ, ಜೊತೆಗೆ ಕೂಡರ್ ಅವರ ಹದಿನಾಲ್ಕು ವರ್ಷದ ಮಗ. ಅದನ್ನು ಮುದ್ರಿಸಿದ ಕವಿ ಅಲೆಗ್ಸಾಂಡರ್ ಒಬ್ಬೊಬ್ಬರ ಮೂಗಿಗೂ ಒಂದೊಂದು ಮೈಕು ಹಿಡಿಯಲಿಲ್ಲ. ಎರಡು ಮೈಕುಗಳನ್ನು ಒಂದೇ ಕಡೆ, ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸಿ, ವಾಲ್ವಿನ ಯಂತ್ರದಲ್ಲಿ ಟೇಪಿಗೆ ಇಳಿಸಿದರು. ಈ ವಿದ್ಯೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದು. ಯಾರು ಹತ್ತಿರ, ಯಾರು ದೂರ, ಯಾರು ಯಾವ ಮಗ್ಗುಲಿಗೆ ಎಂಬುದೆಲ್ಲ ಆ ಎರಡೇ ಮೈಕುಗಳಿಗೆ ಗೊತ್ತಾಗುತ್ತದೆ. ಗೋಡೆಗೆ ತಗುಲಿ ತಿರುಗಿ ಬರುವ ನಾದವೂ ಜೊತೆಗೇ ಬರುತ್ತದೆ. ಆಮೇಲೆ ಕೂತು ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುವ ಕೆಲಸಕ್ಕೆ ಅಲ್ಲಿ ಎಡೆಯಿಲ್ಲ. ನುಡಿಸುವವರೇ ಒಬ್ಬರಿಗೊಬ್ಬರು ಜಾಗ ಬಿಟ್ಟು ನುಡಿಸಬೇಕು. ಕಚೇರಿ ಧರ್ಮ ಅಂದರೆ ಅದೇ ಅಲ್ಲವೇ?

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ತೊಡೆಯ ಮೇಲಿನ ತಾಳ ನಿಂತೇ ಹೋಗಿತ್ತು. "ಇವರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತಿದ್ದಾರೆ" ಎಂದರು.

ಇನ್ನೊಂದು ಸ್ವೀಡನ್ನಿನದು, 'ಜಾಝ್ ಅಟ್ ದಿ ಪಾನ್‌ಶಾಪ್'. ಸ್ಟಾಕ್‌ಹೋಮಿನಲ್ಲಿ ಹಿಂದೆ ಗಿರವಿ ಅಂಗಡಿಯಾಗಿದ್ದ ಜಾಗದಲ್ಲಿ ಸ್ಟಾಂಪೆನ್ ಎಂಬ ಜಾಝ್ ಕ್ಲಬ್ಬಿದೆ. 1976ರ ಡಿಸೆಂಬರಿನಲ್ಲಿ ಯೆರ್ಟ್ ಪಾಲ್ಮ್‌ಕ್ರಾಂಟ್ಸ್ ಅಲ್ಲಿ ಮೈಕು ಇಟ್ಟು ಎರಡು ರಾತ್ರಿಯ ವಾದನವನ್ನು ಹಿಡಿದರು. ಲೋಟ ತಾಗುವ ಸದ್ದು, ಮೇಜಿನ ಮಾತು, ಚಪ್ಪಾಳೆ, ಎಲ್ಲವೂ ಇದೆ. ನಾನು ಮೊದಲ ಸಲ ಹಾಕಿದಾಗ ಅಮ್ಮ ದೇವರ ಮನೆಯಿಂದ ಎದ್ದು ಅಡುಗೆಮನೆಗೆ ಹೋದರು. "ಲೋಟ ಬಿದ್ದ ಹಾಗಾಯ್ತಲ್ಲೋ?" ಅಂದರು. ಈ ಸ್ಪೀಕರಿಗೆ ಇದಕ್ಕಿಂತ ದೊಡ್ಡ ಬಿರುದನ್ನು ಬೇರೆ ಯಾರೂ ಕೊಟ್ಟಿಲ್ಲ.

ಪುಣ್ಯಕ್ಕೆ ಒಳ್ಳೆಯ ಮುದ್ರಣವೆಂದು ಹೆಸರಾದವೂ ಕಿವಿಗೆ ಕೆಲಸ ಕೊಡುತ್ತವೆ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' 1959ರಲ್ಲಿ ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ ಆದದ್ದು. ಅದೂ ಮೊದಲು ಚರ್ಚ್ ಆಗಿದ್ದ ಎತ್ತರದ ಕಟ್ಟಡವೇ. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತು. ಅದನ್ನು ಸರಿಯಾದ ವೇಗದಲ್ಲಿ ತಿರುಗಿಸಿದಾಗ ಮೊದಲ ಮಗ್ಗುಲಿನ ಮೂರು ರಚನೆಗಳ ಶ್ರುತಿ ಒಂದಿಷ್ಟು ಮೇಲೇರಿ ಕೂತಿತು. ಲೋಕವೆಲ್ಲ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಕೇಳಿತು. 1992ರಲ್ಲಿ ಇನ್ನೊಂದು ಯಂತ್ರದ ಟೇಪಿನಿಂದ ಸರಿಪಡಿಸಿದರು. ನಾವು ಹಳೆಯದನ್ನೂ ಹೊಸದನ್ನೂ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿಟ್ಟು ಕೇಳಿದೆವು. ಶ್ರುತಿ ಇಳಿದ ಮೇಲೆ ಡೇವಿಸ್ ಅವರ ಕಹಳೆಗೆ ಉಸಿರು ಬಿಡಲು ಪುರುಸೊತ್ತು ಬಂದ ಹಾಗಿತ್ತು.

ಹೊಸದಾಗಿ ತಿದ್ದಿದ್ದೆಲ್ಲ ಒಳ್ಳೆಯದೂ ಅಲ್ಲ. ಜೋರಾಗಿ ಕೇಳಿಸಲಿ ಎಂದು ಸಣ್ಣ ದನಿಯನ್ನು ಎತ್ತಿ ದೊಡ್ಡದನ್ನು ಅದುಮಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಚಾಳಿ ಸಿ.ಡಿ. ಕಾಲದಲ್ಲಿ ಬೆಳೆಯಿತು. ಹಾಗೆ ಮಾಡಿದ ಮೇಲೆ ಪಿಸುಮಾತಿಗೂ ಕೂಗಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮಂದ್ರದಲ್ಲಿ ಗಾಯಕ ದನಿಯನ್ನು ತಗ್ಗಿಸುವುದೇ ನಮ್ಮನ್ನು ಹತ್ತಿರ ಕರೆಯಲು. ಅಲ್ಲಿ ಯಾರೋ ದನಿ ಏರಿಸಿಟ್ಟರೆ ಆ ಕರೆಯೇ ಇಲ್ಲ.

ಅದಕ್ಕೇ ನನ್ನ ಪರೀಕ್ಷೆ ಈಗ ಸಣ್ಣ ಸದ್ದುಗಳದ್ದು. ತಂಬೂರಿಯ ಕುದುರೆಯ ಮೇಲೆ ಸಿಕ್ಕಿಸಿದ ದಾರದಿಂದ ಹುಟ್ಟುವ ಝೇಂಕಾರ ನಾಲ್ಕು ತಂತಿಗೂ ಬೇರೆ ಬೇರೆ ಕೇಳಬೇಕು. ಘಟದ ಬಾಯಿಯನ್ನು ಹೊಟ್ಟೆಗೆ ಒತ್ತಿದಾಗ ಮಣ್ಣಿನ ಒಳಗಿನ ಗಾಳಿ ಮುಚ್ಚಿಕೊಳ್ಳುವುದು ಗೊತ್ತಾಗಬೇಕು. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ ಕಾಲೇಜಿನಲ್ಲಿ ಜನರೆದುರು ನುಡಿಸಿದ 'ಶಕ್ತಿ' ತಂಡದ ಮೊದಲ ಆಲ್ಬಂ ಇದಕ್ಕೆಂದೇ ನನ್ನಲ್ಲಿದೆ. ವಿಕ್ಕು ವಿನಾಯಕರಾಂ ಅವರ ಘಟವೂ ಜಾಕಿರ್ ಹುಸೇನ್ ಅವರ ತಬಲಾವೂ ಎಷ್ಟೇ ವೇಗಕ್ಕೆ ಹೋದರೂ ಮಣ್ಣು ಮಣ್ಣಾಗಿ, ಚರ್ಮ ಚರ್ಮವಾಗಿ ಕೇಳಬೇಕು. ಅವೆರಡು ಕಲಸಿಹೋದರೆ ತಪ್ಪು ಸ್ಪೀಕರಿನದು.

ಇಷ್ಟೆಲ್ಲ ಆದ ಮೇಲೂ ಒಂದು ನೋವು ಉಳಿದಿದೆ. ಚಿಕ್ಕಂದಿನಲ್ಲಿ ಮೈಸೂರಿನ ನೆಂಟರ ಮನೆಯ ಪಡಸಾಲೆಯಲ್ಲಿ ಮೈಕಿಲ್ಲದ ಕಚೇರಿಯೊಂದನ್ನು ಕೇಳಿದ್ದೆ. ಕೆಂಪು ನೆಲ, ಮರದ ಕಂಬ, ಮೂವತ್ತು ಜನ. ಪಿಟೀಲಿನ ಕಮಾನು ತಿರುಗುವಾಗಿನ ಸಣ್ಣ ಕರಕರವೂ ಆ ಕಂಬಗಳ ನಡುವೆ ನಿಂತಿತ್ತು. ಅಂಥ ನಾದ ನನ್ನ ಕಪಾಟಿನಲ್ಲಿ ಸಾಂಟಾ ಬಾರ್ಬರಾದ್ದಿದೆ, ಸ್ಟಾಕ್‌ಹೋಮಿನದಿದೆ. ನಮ್ಮೂರಿನ ಪಡಸಾಲೆಯದಿಲ್ಲ. ನಮ್ಮ ಕಚೇರಿಗಳಲ್ಲಿ ಇಂದು ಐದಾರು ಮೈಕು, ಎರಡು ಗೋಪುರದಷ್ಟು ಸ್ಪೀಕರು ಇರುತ್ತವೆ. ಮುದ್ರಣವೆಂದರೆ ಆ ಮೈಕುಗಳಿಂದ ಬಂದದ್ದನ್ನೇ ಹಿಡಿದಿಡುವುದು.

ಸಭೆಗಳನ್ನು ನಡೆಸುವ ಹಿರಿಯರಲ್ಲಿ, ಮನೆಯಲ್ಲಿ ಕಚೇರಿ ಇಡಿಸುವ ರಸಿಕರಲ್ಲಿ ನನ್ನದೊಂದು ಕೋರಿಕೆ. ವರ್ಷಕ್ಕೆ ಒಂದೇ ಒಂದು ಕಚೇರಿಯನ್ನಾದರೂ ಚಿಕ್ಕ ಪಡಸಾಲೆಯಲ್ಲಿ, ಧ್ವನಿವರ್ಧಕವಿಲ್ಲದೆ ಮಾಡಿಸಿ. ಕಲಾವಿದರ ಎದುರು ಎಂಟು ಹತ್ತು ಅಡಿ ದೂರದಲ್ಲಿ ಎರಡು ಒಳ್ಳೆಯ ಮೈಕುಗಳನ್ನು ಅಡ್ಡಡ್ಡ ನಿಲ್ಲಿಸಿ. ಫ್ಯಾನು ಆರಿಸಿ. ಆಮೇಲೆ ಯಾರೂ ಏನನ್ನೂ ತಿದ್ದಬೇಡಿ. ಮುಂದಿನ ಸಲ ಮನೆಗೆ ಬಂದವರು "ಏನಾದ್ರೂ ಹಾಕಿ" ಅಂದಾಗ ನಾನು ಅದನ್ನೇ ಹಾಕುತ್ತೇನೆ.