ಪಕ್ಕದ ಶೆಡ್ಡಿನ ವಿದ್ಯೆ

ಪೀಣ್ಯದಲ್ಲಿ ಶೆಡ್ ಹಾಕಿದವನು ಸಂಶೋಧನೆಗೆಂದು ಕೈಯಿಂದ ದುಡ್ಡು ಬಿಚ್ಚಬೇಕಾಗಿಲ್ಲ ಎಂದು ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು. 1953ರಲ್ಲಿ ಬೆಂಗಳೂರಿಗೆ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿ ಬಂತು. 1962ರಲ್ಲಿ ತುಮಕೂರು ರಸ್ತೆಯ ಯಂತ್ರೋಪಕರಣ ಸಂಶೋಧನಾ ಸಂಸ್ಥೆ, ಇಂದಿನ ಸಿಎಂಟಿಐ, ಹುಟ್ಟಿತು. ದೊಡ್ಡ ಕಾರ್ಖಾನೆಗಳಲ್ಲಿ ಕಲಿತವರು ಹೊರಬಂದು ಸಣ್ಣ ಶೆಡ್ ತೆರೆದರು. ಅವರ ಕೈಕೆಳಗೆ ಪಳಗಿದವರು ಇನ್ನೊಂದು ಶೆಡ್ ಸೇರಿದರು. ಒಂದೇ ಕಸುಬಿನವರು ಒತ್ತಾಗಿ ನೆಲೆಸಿದ ಕಡೆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದರು.

ನನ್ನ ಪಕ್ಕದ ಶೆಡ್ಡಿನವರು ಹೀಟ್ ಟ್ರೀಟ್‌ಮೆಂಟ್ ಆದ ಬುಷ್‌ಗಳನ್ನು ಗ್ರೈಂಡಿಂಗ್‌ಗೆ ಕಳಿಸದೆ, ಸಿಎನ್‌ಸಿ ಲೇತಿನಲ್ಲೇ ಗಡಸು ಉಕ್ಕನ್ನು ಕತ್ತರಿಸಬಲ್ಲ ಸಿಬಿಎನ್ ಇನ್ಸರ್ಟ್ ಹಾಕಿ ಫಿನಿಷ್ ಮಾಡತೊಡಗಿದರು. ಗ್ರೈಂಡಿಂಗ್ ಶಾಪಿನಲ್ಲಿ ಸರದಿ ಕಾಯುವುದು ತಪ್ಪಿತು. ಅದೇ ಯಂತ್ರ, ಅದೇ ಜನ, ಹೊರಡುವ ಮಾಲು ಮಾತ್ರ ಹೆಚ್ಚಿತು.

ಚಹಾ ಅಂಗಡಿಯಲ್ಲಿ ಸುದ್ದಿ ಸಿಕ್ಕಿದ್ದೇ ತಡ, ನಾನೂ ಅದೇ ಇನ್ಸರ್ಟ್ ತರಿಸಿದೆ. ಅದೇ ಸ್ಪೀಡು, ಅದೇ ಫೀಡು. ಗ್ರೈಂಡಿಂಗ್ ಖರ್ಚು ಕಳೆದು ಗಿರಾಕಿಗೆ ದರವನ್ನೂ ಕೊಟ್ಟುಬಿಟ್ಟೆ. ಆದರೆ ನನ್ನದು ಕೀವೇ ಎಂಬ ತೋಡು ಇದ್ದ ಶಾಫ್ಟು. ಪ್ರತಿ ಸುತ್ತಿನಲ್ಲೂ ಟೂಲ್ ಆ ತೋಡನ್ನು ದಾಟುವಾಗ ಏಟು ತಿನ್ನುತ್ತಿತ್ತು. ಸಾಲದ್ದಕ್ಕೆ ಕೂಲೆಂಟ್ ಬೇರೆ ಧಾರಾಳವಾಗಿ ಬಿಟ್ಟಿದ್ದೆವು; ಕಾದು ತಣಿದು, ಕಾದು ತಣಿದು ಅಂಚು ಉದುರುತ್ತಿತ್ತು. ಆಪರೇಟರ್ ಸ್ಪೀಡ್ ಇಳಿಸಿದ, ಫೀಡ್ ಬದಲಿಸಿದ. ಮುರಿದ ಅಂಚನ್ನು ನೋಡಿ ಕಾರಣ ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಒಪ್ಪಿದ ದರಕ್ಕೇ ಗ್ರೈಂಡಿಂಗ್ ಮಾಡಿಸಿ ಕೊಟ್ಟು ಕೈ ಸುಟ್ಟುಕೊಂಡೆ. ತಡವಾಗಿದ್ದಕ್ಕೆ ಆರ್ಡರೂ ಹೋಯಿತು.

ಪಕ್ಕದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಹೋಗಿ ಕೇಳಿದರೆ, "ನಿಮ್ದು ಕೀವೇ ಜಾಬ್ ಅಲ್ವಾ ಸಾರ್? ಬೇರೆ ಗ್ರೇಡ್ ಹಾಕ್ಬೇಕು. ಕೂಲೆಂಟ್ ಬಂದ್ ಮಾಡಿ" ಎಂದರು. ಒಂದು ರಿಜಿಸ್ಟರನ್ನೂ ತೆಗೆದು ತೋರಿಸಿದರು. ಯಾವ ಇನ್ಸರ್ಟ್, ಎಷ್ಟು ಸ್ಪೀಡಿಗೆ ಎಷ್ಟು ಪೀಸ್, ಅಂಚು ಸವೆಯಿತೋ ಚಿಪ್ ಆಯಿತೋ, ಎಲ್ಲ ಬರೆದಿತ್ತು. ಮುರಿದ ಇನ್ಸರ್ಟ್‌ಗಳನ್ನು ಆಯಾ ಪುಟಕ್ಕೇ ಟೇಪು ಹಾಕಿ ಅಂಟಿಸಿದ್ದರು. ನಾನಾದರೆ ಅಂಥವನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಎಸೆದು ಆಪರೇಟರನ್ನು ಬೈಯುತ್ತಿದ್ದೆ. ಅವನು ತರಬೇತಿಗೆ ಹೋಗುತ್ತೇನೆಂದಾಗ, ಕಲಿತ ಮೇಲೆ ಬೇರೆ ಕಡೆ ಓಡುತ್ತಾನೆಂದು ತಡೆದಿದ್ದೆ.

ಸಂಶೋಧನೆಯ ಖರ್ಚಿಗೆ ಎರಡು ಮುಖ ಎಂದು ಸಂಶೋಧಕರಾದ ಕೋಹೆನ್ ಮತ್ತು ಲೆವಿಂಥಾಲ್ 1989ರಲ್ಲಿ ವಾದಿಸಿದರು. ಹೊಸದನ್ನು ಕಂಡುಹಿಡಿಯುವುದು ಒಂದು. ಇತರರು ಕಂಡುಹಿಡಿದದ್ದನ್ನು ಅರಗಿಸಿಕೊಳ್ಳುವ ಶಕ್ತಿ ಬೆಳೆಸಿಕೊಳ್ಳುವುದು ಇನ್ನೊಂದು. ಈ ಎರಡನೆಯದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಈಗ ನಾವೂ ಟ್ರಯಲ್‌ಗೆಂದು ಯಂತ್ರದ ಸಮಯ ಎತ್ತಿಡುತ್ತೇವೆ. ಆ ಹೊತ್ತು ಮಾಲು ಹೊರಡುವುದಿಲ್ಲ. ತಿಂಗಳ ಲೆಕ್ಕದಲ್ಲಿ ಅದು ನಷ್ಟವೆಂದೇ ಕಾಣುತ್ತದೆ. ಕಲಿತ ಹುಡುಗರು ಕೆಲವರು ಬಿಟ್ಟೂ ಹೋದರು. ಬೇರೆ ಶೆಡ್ಡುಗಳಲ್ಲಿ ಪಳಗಿದವರು ನಮ್ಮಲ್ಲಿಗೂ ಬಂದರು. ಅವರು ಹೇಳುವುದು ಈಗ ನಮಗೆ ಅರ್ಥವಾಗುತ್ತದೆ.