ಅಜ್ಜಿಯ ಪದ, ಪೆಟ್ಟಿಗೆಯ ಗುಂಯ್

ದಸರಾ ರಜೆಗೆಂದು ತಿಪಟೂರಿನ ಹತ್ತಿರದ ಹಳ್ಳಿಗೆ ಹೊರಟ ಹುಡುಗಿಯ ಚೀಲದಲ್ಲಿ ಎರಡು ಜೊತೆ ಬಟ್ಟೆಯೂ ಒಂದು ಲ್ಯಾಪ್‌ಟಾಪೂ ಇದ್ದವು. ಆಕೆ ಬಿ.ಎ. ಎರಡನೆಯ ವರ್ಷದವಳು. ಜನಪದ ಗೀತೆಗಳನ್ನು ಸಂಗ್ರಹಿಸಿ ತರಬೇಕೆಂದು ಕನ್ನಡ ಮೇಷ್ಟ್ರು ಹೇಳಿದ್ದರು. ಗೆಳತಿಯರು ಗ್ರಂಥಾಲಯದ ಪುಸ್ತಕ ನೋಡಿ ಬರೆದು ಮುಗಿಸಿದ್ದರು. ಈಕೆಗಾದರೋ ಊರಿನ ಮನೆಯಲ್ಲೇ ಒಂದು ಪುಸ್ತಕವಿತ್ತು. ಅದರ ವಯಸ್ಸು 82. ಬೀಸುವ ಪದ, ಸೋಬಾನೆ ಪದ ಎಲ್ಲವೂ ಅಜ್ಜಿಯ ಬಾಯಲ್ಲೇ ಇದ್ದವು, ಕಾಗದದ ಮೇಲೆ ಒಂದೂ ಇರಲಿಲ್ಲ. ಹೋದ ವರ್ಷ ತಡೆಯಿಲ್ಲದೆ ಹಾಡುತ್ತಿದ್ದ ಅಜ್ಜಿ ಈ ವರ್ಷ ನಡುನಡುವೆ ನಿಂತು ತೊಲೆ ನೋಡುತ್ತಿದ್ದರು. ಪುಸ್ತಕದ ಹಾಳೆ ಒಂದೊಂದಾಗಿ ಉದುರತೊಡಗಿತ್ತು.

ಮೊದಲ ಸಂಜೆ ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಾಲ್ಕಡಿ ದೂರದ ಕಂಬಕ್ಕೆ ಅಜ್ಜಿಯನ್ನು ಒರಗಿಸಿ ಕೂರಿಸಿದ್ದಾಯಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಅಜ್ಜಿ ಮೂರು ಪದ ಹಾಡಿದರು. ಕೇಳಿದರೆ ಏನಿದೆ? ಉದ್ದಕ್ಕೂ ಗುಂಯ್ ಎನ್ನುವ ಸದ್ದು, ಅದರ ಹಿಂದೆಲ್ಲೋ ಒಂದು ದನಿ. ಪರದೆಯ ಮೇಲೆ ಧ್ವನಿಯ ಅಲೆ ದಾರದಷ್ಟು ತೆಳ್ಳಗಿತ್ತು.

"ಏನು ಮಗಾ, ನಾನೇನು ಬಾವಿಯೊಳಗೆ ಕೂತು ಹಾಡಿದ್ನಾ?" ಎಂದರು ಅಜ್ಜಿ.

ಎಲ್ಲರೂ ಮಾಡುವುದನ್ನೇ ಹುಡುಗಿಯೂ ಮಾಡಿದಳು. ಮೈಕಿನ ಮಟ್ಟವನ್ನು ನೂರಕ್ಕೆ ಏರಿಸಿದಳು. ಸಾಲದೆಂದು 'ಬೂಸ್ಟ್' ಎಂಬ ಗುಂಡಿಯನ್ನೂ ಎಳೆದಳು. ಬೂಸ್ಟ್ 20 ಡೆಸಿಬಲ್ ಏರಿದರೆ ಒಳಬರುವ ವಿದ್ಯುತ್ ಸಂಕೇತ ಹತ್ತು ಪಟ್ಟು ದೊಡ್ಡದಾಗುತ್ತದೆ. ಆದರೆ ಹತ್ತು ಪಟ್ಟಾಗುವುದು ಅಜ್ಜಿಯ ದನಿ ಒಂದೇ ಅಲ್ಲ, ಫ್ಯಾನಿನ ಸದ್ದೂ ಅಷ್ಟೇ ಬೆಳೆಯುತ್ತದೆ. ಸಾರು ಸಪ್ಪೆಯಾಯಿತೆಂದು ಕೆಳಗೆ ಉರಿ ಜಾಸ್ತಿ ಮಾಡಿದ ಹಾಗೆ. ಫೋನಿನಲ್ಲಿ ಅಪ್ಪ, "ಹೊಸ ಮೈಕೇ ಬೇಕೇನೋಮ್ಮ, ಎಷ್ಟಾಗುತ್ತೆ ವಿಚಾರಿಸು" ಎಂದರು. ಮಕ್ಕಳ ಯಂತ್ರ ಕೆಟ್ಟಿತೆಂದರೆ ತಂದೆಯರ ಕೈ ಮೊದಲು ಹೋಗುವುದು ಜೇಬಿಗೆ. ಪಾಪ, ಅವರದೇನೂ ತಪ್ಪಿಲ್ಲ.

ಮಾರನೆಯ ದಿನ ಚಿಕ್ಕಪ್ಪನ ಮಗ ತನ್ನ ಹಳೆಯ ಕಾಲರ್ ಮೈಕ್ ತಂದುಕೊಟ್ಟ. ಸಿಕ್ಕಿಸಿ ಹಾಡಿಸಿದರೆ ಮತ್ತೆ ಅದೇ ಗುಂಯ್, ಅದೇ ಬಾವಿ. ಅಜ್ಜಿಗೆ ಕೆಮ್ಮು ಬಂದು ಎರಡನೆಯ ಪದ ಅರ್ಧಕ್ಕೇ ನಿಂತಿತು. ಹುಡುಗಿಗೆ ಅಳು ಬರುವುದೊಂದು ಬಾಕಿ. ಸಿಟ್ಟಿನಲ್ಲಿ ಮೈಕಿನ ತಲೆಗೆ ಉಗುರಿನಿಂದ ಟಕ್ ಟಕ್ ಎಂದು ಬಡಿದಳು. ಪರದೆಯ ಮೇಲೆ ಅಲೆ ಅಲುಗಲೇ ಇಲ್ಲ. ಲ್ಯಾಪ್‌ಟಾಪಿನ ಅಂಚಿಗೆ ಬಡಿದಳು, ಅಲೆ ಎದ್ದು ಕುಣಿಯಿತು! ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದುದು ಕಂಪ್ಯೂಟರಿನ ಒಳಗಿನ ಮೈಕು. ಕಾಲರ್ ಮೈಕು ಅಲಂಕಾರಕ್ಕೆ ತೂಗುತ್ತಿತ್ತು, ಅಷ್ಟೆ.

ಕಾರಣ ಪಿನ್ನಿನಲ್ಲಿತ್ತು. ಹಳೆಯ ಕಂಪ್ಯೂಟರುಗಳಲ್ಲಿ ಮೈಕಿಗೆ ನಸುಗೆಂಪು ರಂಧ್ರ, ಸ್ಪೀಕರಿಗೆ ಹಸಿರು ರಂಧ್ರ ಬೇರೆಬೇರೆ ಇರುತ್ತಿದ್ದವು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎರಡಕ್ಕೂ ಒಂದೇ ರಂಧ್ರ. ಅದಕ್ಕೆ ಮೂರು ಕಪ್ಪು ಗೆರೆಗಳಿರುವ ಪಿನ್ ಬೇಕು. ಆ ಮೈಕಿನ ಪಿನ್ನಿಗಿದ್ದುದು ಎರಡೇ ಗೆರೆ. ಪೇಟೆಯಲ್ಲಿ ಒಂದು ರಂಧ್ರವನ್ನು ಎರಡಾಗಿ ಕವಲೊಡೆಸುವ ಚಿಕ್ಕ ತಂತಿ ಸಿಕ್ಕಿತು. ಹೊಸ ಮೈಕಿನ ದುಡ್ಡು ಉಳಿಯಿತು.

ಈಗ ದನಿ ಹತ್ತಿರ ಬಂತು. ಹತ್ತಿರವೆಂಬುದು ಇಲ್ಲಿ ಬಹಳ ದೊಡ್ಡ ಮಾತು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಸಂಕೇತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಾಲ್ಕಡಿಯಿಂದ ಅರ್ಧ ಅಡಿಗೆ ಬಂದರೆ ಎಂಟು ಪಟ್ಟು, ಅದೂ ಫ್ಯಾನಿನ ಸದ್ದನ್ನು ಬೆಳೆಸದೆ. ಇದೇನೂ ಹೊಸ ವಿದ್ಯೆಯಲ್ಲ. 1902ರಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ. ಮೈಕು ಬಳಸಿ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಅಲ್ಲಿಯವರೆಗೆ ಗಾಯಕರು ದೊಡ್ಡ ಕಹಳೆಯ ಬಾಯಿಗೆ ತಮ್ಮ ಬಾಯಿ ಒಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಆ ಗೌಹರ್ ಜಾನ್ ಕೊನೆಗೆ ಮೈಸೂರಿಗೆ ಬಂದು ನೆಲೆಸಿ, 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ದನಿ ಮಾತ್ರ ಇಂದಿಗೂ ಕೇಳಸಿಗುತ್ತದೆ.

ಫ್ಯಾನು ನಿಲ್ಲಿಸಿದರೂ ಸಣ್ಣಗೆ ಜುಂಯ್ ಎನ್ನುವುದೊಂದು ಉಳಿದಿತ್ತು. ಹುಡುಗಿ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿದಳು. ಜುಂಯ್ ಮಾಯ! ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಅರ್ತ್ ಸರಿಯಿಲ್ಲದ ಕಡೆ ಚಾರ್ಜರಿನ ಮೂಲಕ ಆ ಕಂಪನ ಮೈಕಿನ ತಂತಿಗೂ ನುಸುಳುತ್ತದೆ. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಜಾಣರೂ ಇದ್ದಾರೆ. ಅದು ಪ್ರಾಣಕ್ಕೆ ಅಪಾಯ. ಮಕ್ಕಳು ಹಾಗೆ ಮಾಡದಂತೆ ಹಿರಿಯರು ನೋಡಿಕೊಳ್ಳಬೇಕು.

ಎಲ್ಲ ಸರಿಹೋದ ಮೇಲೆ ಅಜ್ಜಿ ಏರುದನಿ ತೆಗೆದಾಗ ಗೊರಗೊರ ಎಂದಿತು. ಬೂಸ್ಟ್ ಇಳಿಸುವುದೇ ಮರೆತಿತ್ತು. ತಗ್ಗಿದ ದನಿಯನ್ನು ಆಮೇಲೆ ಎತ್ತಬಹುದು, ಆದರೆ ತಲೆ ಕತ್ತರಿಸಿಹೋದ ಅಲೆಗೆ ಮತ್ತೆ ತಲೆ ಬರುವುದಿಲ್ಲ. ಬೂಸ್ಟನ್ನು ಸೊನ್ನೆಗಿಳಿಸಿ, ಅತಿ ಎತ್ತರದ ಸ್ವರವೂ ಪೂರ್ಣ ಮಟ್ಟಕ್ಕಿಂತ 6 ಡೆಸಿಬಲ್ ಕೆಳಗೇ ನಿಲ್ಲುವಂತೆ ಮಾಡಿದಳು.

ಇಷ್ಟಾದರೂ ಅಜ್ಜಿಗೆ ಸಾಲುಗಳು ನೆನಪಾಗಬೇಕಲ್ಲ! ನಾಲ್ಕನೆಯ ನುಡಿಗೆ ಬಂದು ಮತ್ತೆ ತೊಲೆ ನೋಡಿದರು. ಆಮೇಲೆ, "ಕಲ್ಲು ತಿರುಗದೆ ಪದ ಬರಾಕಿಲ್ಲ ಕಣವ್ವ. ಅಟ್ಟದಿಂದ ಬೀಸೋ ಕಲ್ಲು ಇಳಿಸ್ರಿ" ಎಂದರು. ಕಲ್ಲು ಬಂತು, ಒಂದು ಮೊರ ರಾಗಿ ಬಂತು. ಸೆರಗಿಗೆ ಸಿಕ್ಕಿಸಿದರೆ ಸರಬರ ಕೇಳುವುದೆಂದು ಹುಡುಗಿ ಮೈಕನ್ನು ಕುಪ್ಪಸದ ಅಂಚಿಗೆ ಸಿಕ್ಕಿಸಿದಳು. ಗರಗರ ಶುರುವಾಯಿತು, ಗೂಟ ಹಿಡಿದ ಕೈ ಸುತ್ತತೊಡಗಿತು. ನಾಲ್ಕನೆಯ ನುಡಿ ಬಂತು, ಐದು ಬಂತು. ಮನೆಯವರು ಯಾರೂ ಕೇಳಿರದ ಎಂಟನೆಯದೂ ಬಂತು.

ರಾತ್ರಿ ಹುಡುಗಿಗೆ ಇನ್ನೂ ಚೊಕ್ಕಟ ಮಾಡುವ ಹುರುಪು. ಸದ್ದು ತೆಗೆಯುವ ತಂತ್ರಾಂಶಕ್ಕೆ ಬರೀ ಸದ್ದಿರುವ ಒಂದೆರಡು ಸೆಕೆಂಡಿನ ಮಾದರಿ ತೋರಿಸಿದರೆ ಸಾಕು, ಅಂಥದ್ದನ್ನೆಲ್ಲ ಅದು ಹುಡುಕಿ ತಗ್ಗಿಸುತ್ತದೆ. ಪದ ಶುರುವಾಗುವ ಮುಂಚಿನ ಗರಗರವನ್ನೇ ಮಾದರಿಯೆಂದು ತೋರಿಸಿದಳು. ಬೆಳಿಗ್ಗೆ ಅಜ್ಜಿಗೆ ಕೇಳಿಸಿದಳು. ದನಿ ನೀರಿನೊಳಗಿಂದ ಬಂದಂತಿತ್ತು, ಸಾಲುಗಳ ಕೊನೆಯ ಎಳೆತವೂ ಸವೆದುಹೋಗಿತ್ತು.

ಅಜ್ಜಿ ಕಿವಿಯಾನಿಸಿ ಕೇಳಿ, "ಕಲ್ಲೆಲ್ಲಿ ಹೋಯ್ತೆ?" ಎಂದರು.

ಪುಣ್ಯಕ್ಕೆ ಆಕೆ ತೊಳೆದದ್ದು ಪ್ರತಿಯನ್ನು. ಮೂಲ ಕಡತ ಬೇರೆ ಹೆಸರಿನಲ್ಲಿ ಹಾಗೆಯೇ ಇತ್ತು. ಅದರ ಮಟ್ಟವನ್ನು ಒಂದಿಷ್ಟು ಎತ್ತಿ, ಮತ್ತೇನೂ ಮಾಡದೆ ಅಪ್ಪನಿಗೆ ಕಳಿಸಿದಳು. ಕೇಳಿ ಫೋನ್ ಮಾಡಿದ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೈಕಿನ ಬೆಲೆ ಕೇಳಲಿಲ್ಲ, ಅಂಕದ ಮಾತೂ ಎತ್ತಲಿಲ್ಲ.

"ಆ ಕಲ್ಲು ಇನ್ನೂ ಇದೆಯೇನಮ್ಮ?" ಎಂದರು.

ಬೀಸಿದ ಹಿಟ್ಟಿನಲ್ಲಿ ಅಂದು ರಾತ್ರಿ ಮುದ್ದೆಯಾಯಿತು.