ಸಾಕ್ಷಿಯ ಹಸಿವು

ಛಾಂದೋಗ್ಯೋಪನಿಷತ್ತಿನಲ್ಲಿ ಶ್ವೇತಕೇತುವಿನ ಕಥೆಯೊಂದುಂಟು. ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಸಕಲ ವೇದಗಳನ್ನೂ ಓದಿ ಬಂದ ಆ ತರುಣನಿಗೆ ತಂದೆಯಾದ ಉದ್ದಾಲಕನು, ಹದಿನೈದು ದಿನ ಅನ್ನವನ್ನು ಬಿಟ್ಟು ನೀರನ್ನು ಮಾತ್ರ ಕುಡಿದಿರೆಂದು ಹೇಳುತ್ತಾನೆ. ಆಮೇಲೆ ಋಕ್ಕು, ಯಜುಸ್ಸು, ಸಾಮಗಳನ್ನು ಹೇಳೆಂದರೆ ಮಗನಿಗೆ ಒಂದೂ ತೋಚದು. ಉಂಡು ಬಂದ ಮೇಲೆ ಕೇಳಿದುದೆಲ್ಲವೂ ನಾಲಗೆಗೆ ಬಂದಿತು. ಮನಸ್ಸು ಅನ್ನಮಯವೆಂಬುದನ್ನು ತಂದೆಯು ಹೊಟ್ಟೆಯ ಮೂಲಕವೇ ಕಲಿಸಿದನು. ವಿದ್ವಾಂಸರು ಈ ಪಾಠವನ್ನು ತತ್ತ್ವವಿಚಾರಕ್ಕೆ ಸಲ್ಲಿಸಿ ತೃಪ್ತರಾದರು. ನ್ಯಾಯಸ್ಥಾನದ ಬಾಗಿಲಿಗೆ ಅದನ್ನು ಕೊಂಡೊಯ್ದವರು ವಿರಳ.

ಸಾಕ್ಷಿ ನುಡಿಯುವುದಕ್ಕೆ ಇಷ್ಟು ವಯಸ್ಸು ತುಂಬಿರಬೇಕೆಂಬ ನಿಯಮವು 1872ನೆಯ ಇಸವಿಯ ಸಾಕ್ಷ್ಯದ ಕಾಯಿದೆಯಲ್ಲಿರಲಿಲ್ಲ. ಅದರ ಸ್ಥಾನದಲ್ಲಿ 2024ರ ಜುಲೈಯಿಂದ ನಡೆಯುತ್ತಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇಲ್ಲ. ಪ್ರಶ್ನೆಯನ್ನು ಗ್ರಹಿಸಿ ಯುಕ್ತವಾದ ಉತ್ತರ ಕೊಡಬಲ್ಲ ಮಗುವಿನ ಮಾತೂ ಸಾಕ್ಷ್ಯವೇ. ಒಬ್ಬ ಮನುಷ್ಯನ ಸೆರೆಯೂ ಬಿಡುಗಡೆಯೂ ಆ ಮಾತಿನ ಮೇಲೆ ನಿಲ್ಲಬಹುದು. ಆದರೆ ಆ ಮಗುವು ನ್ಯಾಯಾಲಯಕ್ಕೆ ಬರುವ ಬಗೆಯನ್ನು ನೋಡಿರಿ. ಹಳ್ಳಿಯಿಂದ ಮೊದಲನೆಯ ಬಸ್ಸಿಗೆ ಹೊರಡಬೇಕು. ಆ ಹೊತ್ತಿಗೆ ಒಲೆ ಹೊತ್ತಿರುವುದಿಲ್ಲ. ತಾಯಿಗೆ ಅಂದಿನ ಕೂಲಿ ಹೋಯಿತು. ಉಳಿದ ದುಡ್ಡು ಬಸ್ಸಿನ ಚೀಟಿಗೆ ಹೋಯಿತು. ಕಲಾಪವು ಹನ್ನೊಂದಕ್ಕೆ ಪ್ರಾರಂಭವಾದರೂ ಜವಾನನು ಹೆಸರು ಕೂಗುವ ಗಳಿಗೆ ಯಾವುದೆಂದು ಯಾರೂ ಅರಿಯರು. ಹೋಟಲಿಗೆ ಹೋದಾಗಲೇ ಕೂಗಿದರೆ ಗತಿಯೇನೆಂದು ತಾಯಿಮಕ್ಕಳು ಜಗಲಿಯನ್ನು ಬಿಟ್ಟು ಕದಲರು. ಮೂರು ಗಂಟೆಗೆ ಕರೆ ಬಂದರೆ ಭಾಗ್ಯ. ವಾಯಿದೆ ಬಿದ್ದರೆ ಇದೆಲ್ಲವೂ ಮತ್ತೊಮ್ಮೆ. ಹೀಗೆ ಬಾಡಿದ ಮಗುವನ್ನು ಕಟ್ಟೆಯಲ್ಲಿ ನಿಲ್ಲಿಸಿ ಪಾಟಿಸವಾಲು ನಡೆಸಿದರೆ, ಬೇಗನೆ ಮನೆಗೆ ಹೋಗಬೇಕೆಂಬ ಒಂದೇ ಆಸೆಯಿಂದ ಅದು ಎಲ್ಲಕ್ಕೂ "ಹೌದು" ಎಂದೀತು. ಬರೆದುಕೊಳ್ಳುವವರು ಹೌದೆಂದೇ ಬರೆದುಕೊಳ್ಳುತ್ತಾರೆ. ಹಸಿವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ.

ಇದರಲ್ಲಿ ಒಂದು ವಿಪರ್ಯಾಸವುಂಟು. ಸರ್ಕಾರಿ ಶಾಲೆಗಳ ಮಕ್ಕಳಿಗೆ ಬೇಯಿಸಿದ ಮಧ್ಯಾಹ್ನದ ಊಟವನ್ನು ಕೊಡತಕ್ಕದ್ದೆಂದು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿದುದು ಸರ್ವೋಚ್ಚ ನ್ಯಾಯಾಲಯವೇ. ಕನಿಷ್ಠ 300 ಕ್ಯಾಲೊರಿ ಇರಬೇಕೆಂದು ಅಳತೆಯನ್ನೂ ಅದು ಹೇಳಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ನಾಡೆಲ್ಲಕ್ಕೂ ಹಬ್ಬಿತು. ಶಾಲೆಗೆ ಹೋದ ದಿನ ಮಗುವಿಗೆ ಬಿಸಿಯೂಟವುಂಟು. ಆ ಊಟವನ್ನು ಕೊಡಿಸಿದ ನ್ಯಾಯಾಂಗದ ಸಮನ್ಸಿಗೆ ತಲೆಬಾಗಿ ಬಂದ ದಿನ ಅದೂ ತಪ್ಪಿತು!

ಶಾಸನವು ನಿರ್ದಯವಾದುದೆಂದು ಹೇಳಲಾಗದು. 2012ರ ಪೋಕ್ಸೊ ಕಾಯಿದೆಯು ವಿಚಾರಣೆಯ ನಡುನಡುವೆ ಮಗುವಿಗೆ ವಿರಾಮ ಕೊಡಬಹುದೆಂದೂ, ಪದೇಪದೇ ಕರೆಯಿಸಕೂಡದೆಂದೂ ವಿಧಿಸಿದೆ. ಅದರ 2020ರ ನಿಯಮಗಳಲ್ಲಿ ಆಹಾರ, ವಸ್ತ್ರ, ಪ್ರಯಾಣಗಳಿಗಾಗಿ ಮಕ್ಕಳ ಕಲ್ಯಾಣ ಸಮಿತಿಯು ಶಿಫಾರಸು ಮಾಡಿದ ಹಣವು ವಾರದೊಳಗೆ ಸಲ್ಲಬೇಕೆಂದಿದೆ. ಒಳ್ಳೆಯ ನಿಯಮ, ಆದರೆ ಮಧ್ಯಾಹ್ನದ ಹಸಿವಿಗೆ ವಾರವು ದೀರ್ಘಕಾಲ. ಬಾಲನ್ಯಾಯ ಮಂಡಳಿಯ ಮುಂದೆ ಬರುವ ಬಾಲಕರಲ್ಲಿ ವೀಕ್ಷಣಾಲಯದಲ್ಲಿರುವವರಿಗೆ ಅಲ್ಲಿಯೇ ಊಟವುಂಟು. ಜಾಮೀನಿನ ಮೇಲೆ ಮನೆಯಲ್ಲಿದ್ದು ದೂರದಿಂದ ಬರುವವನಿಗಿಲ್ಲ.

ಹಾಗಾದರೆ ಯಾರಾದರೂ ಪುಣ್ಯವಂತರು ಉಣಿಸಲೆಂದರೆ, ಅಲ್ಲಿಯೇ ತೊಡಕಿರುವುದು. ಉಂಡ ಮನೆಗೆ ಎರಡು ಬಗೆಯಬಾರದೆಂದು ಕಲಿತು ಬೆಳೆದ ನಾಡಿದು. ಫಿರ್ಯಾದಿಯ ಕಡೆಯವರು ದೋಸೆ ಕೊಡಿಸಿದರೆ ಮಗುವಿನ ಮನಸ್ಸು ಅತ್ತ ವಾಲೀತು, ಪೊಲೀಸಿನವರು ಕೊಡಿಸಿದರೆ "ಬೆಳಗ್ಗೆ ಯಾರು ತಿಂಡಿ ಕೊಡಿಸಿದರು? ಏನು ಹೇಳಿಕೊಟ್ಟರು?" ಎಂಬುದೇ ಪ್ರತಿವಾದಿ ವಕೀಲರ ಮೊದಲ ಪ್ರಶ್ನೆಯಾದೀತು. ಆ ಪ್ರಶ್ನೆ ಅನ್ಯಾಯವೂ ಅಲ್ಲ. ಆದುದರಿಂದ ವ್ಯಾಜ್ಯದ ಫಲದಲ್ಲಿ ಯಾವ ಆಸಕ್ತಿಯೂ ಇಲ್ಲದ ಕೈಯಿಂದಲೇ ಈ ಅನ್ನವು ಬರತಕ್ಕದ್ದು. ಅಂತಹ ಕೈ ನ್ಯಾಯಾಲಯದ್ದು, ಇಲ್ಲವೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ್ದು. ದಾನಿಗಳು ಹಣವನ್ನು ಪ್ರಾಧಿಕಾರಕ್ಕೆ ಒಪ್ಪಿಸಿ ಹಿಂದೆ ಸರಿಯಬಹುದು. ಹಿಂದೆ ಸರಿಯುವುದೇ ಇಂದಿನ ದಾನಿಗಳಿಗೆ ಕಷ್ಟ. ಒಂದು ಬಾಳೆಯ ಹಣ್ಣನ್ನು ಕೊಡುವಾಗಲೂ ನಾಲ್ವರು ಛಾಯಾಚಿತ್ರಕ್ಕೆ ನಿಲ್ಲುತ್ತಾರೆ. ಇಲ್ಲಿ ಅದು ಅವಿವೇಕ ಮಾತ್ರವಲ್ಲ, ಅಪರಾಧವೂ ಆದೀತು. ಇಂತಹ ಮಕ್ಕಳ ಗುರುತನ್ನು ಪ್ರಕಟಿಸಕೂಡದೆಂದು ಶಾಸನವಿದೆ.

2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ದುರ್ಬಲ ಸಾಕ್ಷಿಗಳ ಹೇಳಿಕೆಗೆಂದು ಪ್ರತಿ ಜಿಲ್ಲೆಯಲ್ಲಿಯೂ ಪ್ರತ್ಯೇಕ ಕೇಂದ್ರವಿರಬೇಕೆಂದು ನಿರ್ದೇಶಿಸಿತು. ಪರದೆ, ಆಟಿಕೆ, ಬೇರೆ ಬಾಗಿಲುಗಳ ಜೊತೆಗೆ ಅಲ್ಲಿ ಒಂದು ಸಣ್ಣ ಅಡಕಲಿಗೂ ಸ್ಥಳ ಮಾಡಬಹುದು. ಮೃಷ್ಟಾನ್ನವೇನೂ ಬೇಡ. ಚಿತ್ರಾನ್ನವೋ ಮೊಸರನ್ನವೋ ಸಾಕು. ಹೇಳಿಕೆಯಾದ ಮೇಲೆ ಕೊಟ್ಟರೆ ಬಹುಮಾನದಂತೆ ಕಾಣುವುದು. ಆದಕಾರಣ ಮೊದಲೇ ಕೊಡಬೇಕು. ಸಾಕ್ಷಿ ನುಡಿಯಬಂದವಳಿಗೂ ಆರೋಪ ಹೊತ್ತು ಬಂದ ಬಾಲಕನಿಗೂ ಅದೇ ಅನ್ನ, ಬೇರೆಬೇರೆ ಕೋಣೆಗಳಲ್ಲಿ. ಜೊತೆಗೆ ಬಂದ ತಾಯಿಗೂ ಒಂದೆಲೆ ಹಾಕಬೇಕು. ತಾಯಿ ಉಣ್ಣದೆ ಕುಳಿತಿದ್ದರೆ ಮಗುವು ತುತ್ತನ್ನು ಬಾಯಿಗಿಡದು.